ರಾಜಕುಮಾರಿಯ ದನಿ

ಮಕ್ಕಳ ಕಾರ್ಟೂನೊಂದರ ರಾಜಕುಮಾರಿಗೆ ಹತ್ತು ವರ್ಷ ಕನ್ನಡದಲ್ಲಿ ದನಿ ಕೊಟ್ಟವಳು ಶಾಂಭವಿ. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಆದರೂ ಆ ಕಾರ್ಟೂನಿನ ಅಭಿಮಾನಿಗಳು ಧಾರವಾಡದ ಕಾಲೇಜಿನಲ್ಲಿ ಶನಿವಾರ, ಭಾನುವಾರ ಸಮಾವೇಶ ಇಟ್ಟುಕೊಂಡು ಕರೆದಾಗ, ಇಲ್ಲವೆನ್ನಲಾಗದೆ ಹೋದಳು.

ರಾಜಕುಮಾರಿಯ ವೇಷ ತೊಟ್ಟ ಹುಡುಗಿಯರು ಸುತ್ತುವರಿದು, "ಮೇಡಂ, ಒಂದ ಡೈಲಾಗ್ ಹೇಳ್ರಿ" ಎಂದು ಗೋಗರೆದರು. ಅವಳು ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದಳು. ಆಗ ಗದಗಿನ ಹುಡುಗಿಯೊಬ್ಬಳು ತಾನೇ ಮೈಕು ಹಿಡಿದು ರಾಜಕುಮಾರಿಯ ಮಾತೊಂದನ್ನು ಹೇಳಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಶಾಂಭವಿಯದೇ ದನಿ. ಸಭೆ ಚಪ್ಪಾಳೆ ತಟ್ಟಿತು. ಶಾಂಭವಿ ಕುರ್ಚಿಯಿಂದ ಎದ್ದು ನಿಂತಳು.

ಹುಡುಗಿ ಓಡಿಬಂದು ಕಾಲಿಗೆರಗಿದಳು. "ಸಣ್ಣಾಕಿ ಇದ್ದಾಗಿಂದ ನಿಮ್ಮನ್ನ ಕೇಳಿ ಕೇಳಿ ಕಲ್ತೇನ್ರಿ. ತಪ್ಪಾಗಿದ್ರ ಬೈರಿ, ಮೇಡಂ."

ಶಾಂಭವಿ ಅವಳನ್ನು ಹೊರಗೆ ಕರೆದೊಯ್ದು, ಒಂದು ಚೀಟಿ ಬರೆದು ಕೈಗಿಟ್ಟಳು. ಓದಿದ ಹುಡುಗಿ ಬೆಚ್ಚಿ ಅವಳ ಮುಖ ನೋಡಿದಳು. ಶಾಂಭವಿ ಕೈಮುಗಿದು, ತನ್ನ ಮೊಬೈಲಿನಿಂದ ಫೋನ್ ಹಚ್ಚಿ ಹುಡುಗಿಯ ಕಿವಿಗೆ ಹಿಡಿದಳು.

"ಯಾರು?" ಎಂದು ಮುದಿದನಿಯೊಂದು ಕೇಳಿತು.

"ಯವ್ವಾ, ನಾ ಶಾಂಭವಿ," ಹುಡುಗಿ ಚೀಟಿ ನೋಡುತ್ತ ಓದಿದಳು, "ವರ್ಷಾತು ಫೋನ್ ಮಾಡಿಲ್ಲಂತ ಸಿಟ್ಟಾಗಬ್ಯಾಡ, ನಾ ಆರಾಮ ಅದೀನಿ."