ಎತ್ತಿನ ಬೂಟು

ಹುಲ್ಲು ಕತ್ತರಿಸುವ ಮೋಟರು ಮತ್ತೆ ನಿಂತಾಗ ಚಂದ್ರಾಮಪ್ಪನಿಗೆ ಒಳಗೊಳಗೇ ಹಿಗ್ಗಾಯಿತು. ಮುಂಬೈಯಿಂದ ರೈಲಿನಲ್ಲಿ ವಾಡಿ ಜಂಕ್ಷನ್ನಿಗೆ ಬಂದಿಳಿದ ಆ ಯಂತ್ರ, ಶಹಾಬಾದಿನ ಕಲ್ಲಿನ ಕಂಪನಿಯ ಮ್ಯಾನೇಜರ ಬಂಗಲೆ ಮುಂದಿನ ಮಳೆಗಾಲದ ಹುಲ್ಲಿಗೆ ಸಿಕ್ಕಿ, ಗೊರಗೊರ ಅಂದು ಸುಮ್ಮನಾಗಿತ್ತು. ಇಷ್ಟು ವರ್ಷ ಆ ಹುಲ್ಲು ಕತ್ತರಿಸಿದ್ದು ಚಂದ್ರಾಮಪ್ಪ ಮತ್ತು ಕಂಪನಿಯ ಬಿಳಿ ಎತ್ತು. ಎತ್ತು ಅಲಗು ಕೂಡಿಸಿದ ಕತ್ತರಿಗಾಲಿ ಎಳೆಯುತ್ತಿತ್ತು. ಸಾಹೇಬರ ಹುಲ್ಲಿನ ಮೇಲೆ ಗೊರಸಿನ ಗುರುತು ಬೀಳಬಾರದೆಂದು ಅವನು ಅದರ ನಾಲ್ಕೂ ಕಾಲಿಗೆ ತೊಗಲಿನ ಬೂಟು ಕಟ್ಟುತ್ತಿದ್ದ.

ಮ್ಯಾನೇಜರು ಸಿಟ್ಟಾಗಲಿಲ್ಲ. ಫಿಟ್ಟರ್ ಅಬ್ದುಲ್ ಕರೀಮನನ್ನು ಕರೆಸಿ, ಇಂಜಿನ್ನಿಗೆ ಇನ್ನಷ್ಟು ಜೋರು ತುಂಬು ಎಂದರು. ಮೋಟರು ಸರಿಯಾಗಿ ಓಡಿದರೆ ಎತ್ತು ಮತ್ತು ಅದರ ಆಳು ಖಣಿಯ ಬಂಡಿಗೆ ಹೋಗಬೇಕು ಎಂಬ ಮಾತನ್ನೂ ಅಲ್ಲೇ ಆಡಿದರು. ಖಣಿಯಲ್ಲಿ ಕಲ್ಲಿನ ಚಕ್ಕೆಗಳ ಮೇಲೆ ನಡೆದ ಎತ್ತು ಎರಡು ಬೇಸಿಗೆ ಬಾಳುತ್ತಿರಲಿಲ್ಲ. ಮನುಷ್ಯರ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಮಧ್ಯಾಹ್ನ ಚಂದ್ರಾಮಪ್ಪ ಫಿಟ್ಟರನ ಶೆಡ್ಡಿಗೆ ಹೋದ. ಕರೀಮ ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ, ನುಣುಪಾದ ಪರ್ಸಿ ಕಲ್ಲಿನ ಚಪ್ಪಡಿಯ ಮೇಲೆ ಸಣ್ಣ ಮರಳು, ಚಿಮಣಿ ಎಣ್ಣೆ ಹಾಕಿ ಅದನ್ನು ಬೋರಲಿಟ್ಟು ತಿಕ್ಕುತ್ತಿದ್ದ. ಮುಚ್ಚಳ ಕೂದಲೆಳೆಯಷ್ಟು ಸವೆದರೂ ಸಾಕು, ಒಳಗಿನ ಗ್ಯಾಸು ಬಿಗಿಯಾಗಿ ಒತ್ತಿಕೊಂಡು ಜೋರಾಗಿ ಸಿಡಿಯುತ್ತದೆ ಎಂದು ತಾನಾಗಿಯೇ ವಿವರಿಸಿದ.

"ಆಗೂದಿಲ್ಲ ಅಂತ ಸಾಹೇಬ್ರಿಗಿ ಹೇಳಿಬಿಡ್ರಿ ಉಸ್ತಾದ್," ಅಂದ ಚಂದ್ರಾಮಪ್ಪ.

"ಆಗೂದಕ್ಕ ಆಗೂದಿಲ್ಲ ಅಂತ ಹ್ಯಾಂಗ ಹೇಳ್ಲೋ? ನಾಲಿಗಿ ತಿರಗಬೇಕಲ್ಲ." ಕರೀಮ ತನ್ನ ಬರಿಗಾಲು ಮುಂದೆ ಚಾಚಿದ. "ನಿನ್ನ ಎತ್ತಿಗಿ ಬೂಟು ಕೊಟ್ಟಾರ. ನಾ ಇನ್ನೂ ಚಪ್ಲಿ ಕಂಡಿಲ್ಲ."

ಅಷ್ಟರಲ್ಲಿ ಅಜಾನ್ ಕೇಳಿಸಿತು. ಕರೀಮ ಕೈ ಒರೆಸಿಕೊಂಡು ಎದ್ದ.

"ನಾ ಬರೂತನಕ ನೀ ತಿಕ್ಕಾಕತ್ತಿರು. ಸಮ ತಿಕ್ಕಬೇಕು. ಒಂದ ಕಡಿ ಭಾರ ಬಿತ್ತಂದ್ರ ಓರೆ ಆಗ್ತದ, ಗ್ಯಾಸ್ ಸೋರ್ತದ, ಮುಚ್ಚಳ ಕೆಟ್ಟಂಗ. ಹೊಸಾದು ವಿಲಾಯತಿಂದ ಬರಬೇಕು. ಅಷ್ಟರಾಗ ಸಾಹೇಬ್ರೇ ವಿಲಾಯತಿಗಿ ಹೋಗಿರ್ತಾರ." ಬಾಗಿಲ ತನಕ ಹೋದವನು ತಿರುಗಿ ನಿಂತು, ಒಂದು ಕಡೆ ಭಾರ ಬೀಳಬಾರದು ಎಂದು ಇನ್ನೊಮ್ಮೆ ನಿಧಾನವಾಗಿ ಹೇಳಿ ಹೋದ.

ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಚಂದ್ರಾಮಪ್ಪ ಮುಚ್ಚಳ ತಿರುವಿ ನೋಡಿದ. ಅಂಚೆಲ್ಲ ಹೊಳೆಯುತ್ತಿತ್ತು. ಒಂದು ಕಡೆ ಮಾತ್ರ ಹುಣಸೆಬೀಜದಷ್ಟು ಕಪ್ಪು ಉಳಿದಿತ್ತು, ಕಲ್ಲು ಇನ್ನೂ ಅಲ್ಲಿಗೆ ತಾಕಿರಲಿಲ್ಲ. ಮುಚ್ಚಳವನ್ನು ಕಲ್ಲಿನ ಮೇಲಿಟ್ಟು ಒಂದು ಅಂಚಿನ ಮೇಲೆ ಹೆಬ್ಬೆರಳು ಊರಿದ. ಒತ್ತಿದರೆ ಮುಗಿಯಿತು. ಆದರೆ ಆ ಕಪ್ಪು ಕಣ್ಣಿಗೆ ಚುಚ್ಚುತ್ತಿತ್ತು. ಮೊದಲು ಅದೊಂದು ಹೋಗಲಿ, ಆಮೇಲೆ ಕೆಡಿಸಿದರಾಯಿತು ಅಂದುಕೊಂಡು ಬೆರಳು ಸಡಿಲಿಸಿ ಸಮನಾಗಿ ತಿಕ್ಕಿದ. ಮರಳು ಸರ್ ಸರ್ ಅಂದಿತು. ತಿರುವಿ ನೋಡಿದ, ಕಪ್ಪು ಜೋಳದ ಕಾಳಿನಷ್ಟಾಗಿತ್ತು. ಮತ್ತೆ ತಿಕ್ಕಿದ. ಕೊನೆಗೆ ಅಂಚು ಪೂರ್ತಿ ಹೊಸ ತಾಟಿನಂತೆ ಬೆಳ್ಳಗಾಯಿತು. ಆಮೇಲೆ ಕೆಡಿಸಲು ಕೈ ಬರಲಿಲ್ಲ.

ಕರೀಮ ಬಂದಾಗ ಹೊತ್ತು ಇಳಿದಿತ್ತು. ಮುಚ್ಚಳವನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಗಾಜಿನ ಹಲಗೆಯ ಮೇಲಿಟ್ಟು ಅಂಚು ಒತ್ತಿ ನೋಡಿದ, ಅದು ಎಲ್ಲೂ ಅಲ್ಲಾಡಲಿಲ್ಲ. ಚಂದ್ರಾಮಪ್ಪನ ಮುಖವನ್ನೊಮ್ಮೆ ನೋಡಿ ಬೋಲ್ಟು ಹುಡುಕತೊಡಗಿದ.

ಮರುದಿನ ಬೆಳಿಗ್ಗೆ ಮೋಟರು ನೀಲಿ ಹೊಗೆ ಬಿಟ್ಟುಕೊಂಡು ಹುಲ್ಲಿನ ಈ ತುದಿಯಿಂದ ಆ ತುದಿಗೆ ಎಲ್ಲೂ ನಿಲ್ಲದೆ ಹೋಯಿತು. ಖಣಿಯಿಂದ ಬುಲಾವು ಬಂತು. ಚಂದ್ರಾಮಪ್ಪ ಕೊಟ್ಟಿಗೆಗೆ ಹೋಗಿ ಹಗ್ಗ ಬಿಚ್ಚಿದ. ಬೂಟುಗಳು ಗೂಟಕ್ಕೆ ತೂಗುತ್ತಿದ್ದವು. ಅವನು ಹತ್ತಿರ ಬಂದದ್ದೇ ಎತ್ತು ದಿನದಂತೆ ಬಲ ಮುಂಗಾಲು ಮಡಚಿ ಎತ್ತಿ ಹಿಡಿಯಿತು.

ಬಾಗಿಲಲ್ಲಿ ಕರೀಮ ನಿಂತಿದ್ದ.

"ನಿನ್ನಿ ನಾ ಅಷ್ಟೊತ್ತು ಮಸೀದ್ಯಾಗ ಯಾಕ ಕುಂತಿದ್ದೆ ಅಂತ ತಿಳದಿ?" ಅಂದ.

ಚಂದ್ರಾಮಪ್ಪ ಎತ್ತಿನ ಕಾಲು ಹಿಡಿದು ನೆಲಕ್ಕಿಳಿಸಿದ. ಅದು ಇನ್ನೊಂದನ್ನು ಎತ್ತಿತು.