ಕುಂಕುಮ ಹಚ್ಚಿದ ಅಡಿಗಲ್ಲು

ಬಾಡಿದ ಚೆಂಡುಹೂವಿನ ವಾಸನೆ ಬಂದರೆ ಈಗಲೂ ಅಜ್ಜಿಯ ಅಂಗೈ ಕಣ್ಣಿಗೆ ಕಟ್ಟುತ್ತದೆ.

ಅಂದು ಆಯುಧಪೂಜೆ. ಕ್ಯಾತನಹಳ್ಳಿಯ ನಮ್ಮ ಕುಲುಮೆ ತಣ್ಣಗಿತ್ತು. ಕಬ್ಬಿಣ ಬಡಿಯುವ ಅಡಿಗಲ್ಲಿಗೂ ಸುತ್ತಿಗೆಗೂ ಅಜ್ಜಿ ಕುಂಕುಮ ಹಚ್ಚಿ ಚೆಂಡುಹೂವಿಟ್ಟಿದ್ದಳು. ಮಧ್ಯಾಹ್ನ ಪಟ್ಟಣದ ಕೋಟೆಯ ಸವಾರನೊಬ್ಬ ಕುಂಟುವ ಕುದುರೆ ಹಿಡಿದುಕೊಂಡು ಬಂದು, ಸೊಟ್ಟಗಾದ ಲಾಳವನ್ನು ಅಪ್ಪನ ಮುಂದೆ ಎಸೆದ.

"ಬಿರ್ನೆ ತಟ್ಟಿಕೊಡು ಕಣ್ಲಾ."

"ಇವತ್ತು ಅತಾರಕ್ಕೆ, ಸುತ್ತಿಗೆ ಇಕ್ಕಳಕ್ಕೆಲ್ಲ ಪೂಜೆ ಸ್ವಾಮಿ, ಮುಟ್ಟಂಗಿಲ್ಲ. ನಾಳೆ ಒತ್ತಾರೆ ಮಾಡ್ಕೊಡ್ತೀನಿ," ಎಂದ ಅಪ್ಪ.

ಸವಾರ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟ. ಅಪ್ಪ ಲಾಳ ತಟ್ಟಲು ಸುತ್ತಿಗೆ ಎತ್ತಿದ, ಹೂವು ಉದುರಿತು. ಅಷ್ಟರಲ್ಲಿ ಅಜ್ಜಿ ಅಡಿಗಲ್ಲಿನ ಮೇಲೆ ತನ್ನ ಅಂಗೈ ಊರಿದಳು.

"ಒಡಿ ಮಗ. ಮೊದ್ಲು ಇದ್ರ ಮ್ಯಾಲೆ ಒಡಿ."

ನಾನು ಕಣ್ಣು ಮುಚ್ಚಿದೆ. ಬಿಟ್ಟಾಗ ಸವಾರ ಕುದುರೆ ನಡೆಸಿಕೊಂಡು ಹೋಗುತ್ತಿದ್ದ. ಅಪ್ಪ ಸುತ್ತಿಗೆಯನ್ನು ಇನ್ನೂ ಇಳಿಸಿರಲಿಲ್ಲ. ಅಂಗೈಗೆ ಮೆತ್ತಿದ್ದ ಕುಂಕುಮವನ್ನು ಅಜ್ಜಿ ಅಪ್ಪನ ಹಣೆಗೆ ಒರೆಸಿದಳು.