ಬೆರಕೆ ಬೇಡ

ಸಂಜೆ ಪ್ರಸಾರವಾಗಬೇಕಿದ್ದ ಸಂದರ್ಶನ ರೇಡಿಯೋ ಕೇಂದ್ರದ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಲೇ ಇಲ್ಲ. ಆ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ವ್ಯವಸ್ಥೆಯ ಹಳೆಯ ಆವೃತ್ತಿ. ಹೊಸ ಆವೃತ್ತಿಯಿಂದ ಒಂದು ಪ್ಯಾಕೇಜು, ಅಂದರೆ ಬೇಕಾದ ತಂತ್ರಾಂಶದ ಕಟ್ಟು, ತಂದು ಹಾಕಿದರೆ ಕೆಲಸ ಆಗುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ ಅದನ್ನು ಹೇಳಿದ್ದೇ ತಡ, ಕೇಂದ್ರದ ಮುಖ್ಯಸ್ಥರು ಕಾಫಿ ಲೋಟ ಕೆಳಗಿಟ್ಟರು.

“ಹಳೆಯದಕ್ಕೆ ಹೊಸದರ ಬೆರಕೆ ಮಾತ್ರ ಬೇಡಮ್ಮ. ಒಂದನ್ನು ಕರೆದರೆ ಅದು ತನಗೆ ಬೇಕಾದ ಹೊಸ ಪ್ಯಾಕೇಜುಗಳ ದಿಬ್ಬಣ ಕಟ್ಟಿಕೊಂಡೇ ಬರುತ್ತೆ. ಈ ಯಂತ್ರ ಇಷ್ಟು ವರ್ಷ ಕೆಡದೆ ಇರೋದು ಯಾಕೆ ಅಂದುಕೊಂಡೆ?”

“ಉಳಿದದ್ದೆಲ್ಲ ಹಳೆಯದೇ ಇರಲಿ ಅಂತ ಮೊದಲೇ ಕಟ್ಟಿಹಾಕ್ತೀನಿ ಸರ್. ಜೊತೆಗೆ ಏನೇನು ಬರುತ್ತೆ ಅಂತ ಯಂತ್ರವನ್ನೇ ಕೇಳಿ ನೋಡೋಣ. ಇನ್ನೊಂದೇ ಒಂದು ಬರುತ್ತೆ ಅಂದರೂ ಬಿಟ್ಟುಬಿಡ್ತೀನಿ.”

“ಕೆಟ್ಟರೆ ನಾಳೆಯಿಂದ ನೀನು ಬರೋದು ಬೇಡ.”

ಅವಳು ಕೇಳಿ ನೋಡಿದಳು. ಜೊತೆಗೆ ಏನೂ ಬರಬೇಕಿಲ್ಲ ಎಂದಿತು ಯಂತ್ರ. ಹಳೆಯ ಯಂತ್ರಕ್ಕೆ ಹೊಸದು ಇಷ್ಟು ಸಲೀಸಾಗಿ ಹೊಂದುವುದು ಹೇಗೆ ಎಂದು ಅವಳಿಗೆ ಸಮಾಧಾನದ ಬದಲು ಅನುಮಾನ ಹುಟ್ಟಿತು. ಇನ್ನಷ್ಟು ಕೆದಕಿ ನೋಡಿ ಅವರತ್ತ ತಿರುಗಿದಳು.

“ಸರ್, ಬರಬೇಕಾದದ್ದೆಲ್ಲ ಇಲ್ಲಿ ಆಗಲೇ ಬಂದು ಕೂತಿದೆ. ಈ ಯಂತ್ರದಲ್ಲಿರೋದು ಅರ್ಧಕ್ಕರ್ಧ ಹೊಸ ಆವೃತ್ತಿಯದೇ.”

ಮುಖ್ಯಸ್ಥರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

“ಮೆಲ್ಲಗೆ ಮಾತಾಡಮ್ಮ. ನಾನೂ ಒಂದೇ ಒಂದು ತರೋಣ ಅಂತ ಹೋದವನೇ.”